ನೆಟ್‌ಬಾಲ್ ಹುಡುಗಿಯರಿಗೆ ಯಾವ ಡ್ರೆಸ್ ಹೊಲಿಸೋಣ? ಮೊದಲು ಏನು ಹಾಕುತ್ತಿದ್ದರು, ಯಾರು ಬದಲಾಯಿಸಿದರು?

ಪಿ.ಇ. ಅಕ್ಕೋರು, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಶಾಲೆಯಲ್ಲಿ ಈ ವರ್ಷ ಹುಡುಗಿಯರ ನೆಟ್‌ಬಾಲ್ ಟೀಮ್ ಕಟ್ಟಿದ್ದೇವೆ. ಬ್ಯಾಸ್ಕೆಟ್‌ಬಾಲಿನ ಥರದ ಆಟ, ಒಂದು ಕಡೆ ಏಳು ಜನ ಆಡುತ್ತಾರೆ. ಎಂಟರಿಂದ ಹತ್ತನೇ ಕ್ಲಾಸಿನ ಹನ್ನೆರಡು ಮಕ್ಕಳು. ದಿನಾ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿರುತ್ತಾರೆ. ಬೇಸಿಗೆಯಲ್ಲಂತೂ ಎಂಟು ದಾಟಿದರೆ ನಮ್ಮೂರ ಬಿಸಿಲಿಗೆ ಗೋಲಿನ ಕಬ್ಬಿಣದ ಕಂಬ ಮುಟ್ಟಲು ಆಗುವುದಿಲ್ಲ. ಅಷ್ಟರೊಳಗೆ ಆಡಿ ಮುಗಿಸಬೇಕು. ಇಲ್ಲಿಯವರೆಗೆ ಶಾಲೆಯ ಚೂಡಿದಾರದಲ್ಲೇ ಆಡಿದರು. ಮೇಲೆ ಎರಡೂ ಭುಜಕ್ಕೆ ಪಿನ್ ಹಾಕಿದ ಓಢಣಿ.

ಹೋದ ತಿಂಗಳು ಪಕ್ಕದ ಶಾಲೆಯ ಜೊತೆ ಒಂದು ಮ್ಯಾಚ್ ಇಟ್ಟಿದ್ದೆವು. ನಮ್ಮ ಸೆಂಟರ್ ಹುಡುಗಿ ಒಂಬತ್ತನೇ ಕ್ಲಾಸಿನವಳು. ಎಗರಿ ಚೆಂಡು ಹಿಡಿದಳು. ಇಳಿಯುವಾಗ ಪಿನ್ ಕಿತ್ತು ಓಢಣಿ ಜಾರಿತು. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಓಢಣಿ. ನೆಟ್‌ಬಾಲಿನಲ್ಲಿ ಚೆಂಡನ್ನು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದುಕೊಳ್ಳುವ ಹಾಗಿಲ್ಲ. ಸೀಟಿ ಊದಿದರು. ಚೆಂಡು ಆ ಕಡೆಯವರಿಗೆ ಹೋಯಿತು. ಒಂದು ಗೋಲಿನಿಂದ ಸೋತೆವು. ಹುಡುಗಿ ಬಂದು ನನ್ನ ಪಕ್ಕ ಕೂತು, "ಅಕ್ಕೋರೇ, ನನ್ನಿಂದಲೇ ಹೋಯ್ತು" ಅಂದಳು. ಭುಜದ ಮೇಲೆ ಪಿನ್ ಗೀರಿದ ಕೆಂಪು ಗೆರೆ ಕಾಣುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ದಾನಿಯೊಬ್ಬರು ಡ್ರೆಸ್ ಕೊಡಿಸುತ್ತೇನೆ ಅಂದಿದ್ದಾರೆ. ಆದರೆ ಯಾವ ಡ್ರೆಸ್? ಸ್ಟಾಫ್ ರೂಮಿನಲ್ಲಿ ಒಬ್ಬರು ಸ್ಕರ್ಟೇ ಇರಬೇಕು ಅನ್ನುತ್ತಾರೆ, ಟಿವಿಯಲ್ಲಿ ಎಲ್ಲ ದೇಶದವರೂ ಅದನ್ನೇ ಹಾಕುತ್ತಾರಂತೆ. ಇನ್ನೊಬ್ಬರು ಟ್ರ್ಯಾಕ್ ಪ್ಯಾಂಟ್ ಸಾಕು ಅನ್ನುತ್ತಾರೆ. ಮಕ್ಕಳಿಗೆ ನ್ಯೂಜಿಲೆಂಡ್ ಟೀಮಿನ ಫೋಟೊ ತೋರಿಸಿದೆ. ಬಾಯಿಗೆ ಕೈ ಅಡ್ಡ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಹಾಕಿಕೊಂಡರೆ ಮಾತ್ರ ಆಡಿಸುತ್ತಾರಾ?" ಅಂತ ಒಬ್ಬಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಕಡ್ಡಾಯವಾ? ಈ ಡ್ರೆಸ್ ಎಲ್ಲಿಂದ ಬಂತು? ತಿಳಿದವರು ಹೇಳಿ.

ಹಳೆ ಪುಟ, ಯಾದಗಿರಿ

ಅಕ್ಕೋರೇ, ಮೊದಲ ಪ್ರಶ್ನೆಗೆ ಸೀದಾ ಉತ್ತರ: ಸ್ಕರ್ಟ್ ಹಾಕಿದವರಿಗೆ ಮಾತ್ರ ಈ ಆಟ ಅಂತ ಏನಿಲ್ಲ. ಆಟಕ್ಕೆ ಬೇಕಾದದ್ದು ಇಷ್ಟು: ಟೀಮಿನವರೆಲ್ಲ ಒಂದೇ ಸಮವಸ್ತ್ರ ಹಾಕಿರಬೇಕು. ಆಡುವ ಜಾಗದ ಅಕ್ಷರ (ಸೆಂಟರ್‌ಗೆ ಸಿ ಅನ್ನುವ ಹಾಗೆ) ಎದೆ ಮೇಲೂ ಬೆನ್ನ ಮೇಲೂ ಕಾಣಬೇಕು. ಶೂಗೆ ಮೊಳೆ ಇರಬಾರದು. ಉಗುರು ಚಿಕ್ಕದಾಗಿ ಕತ್ತರಿಸಿರಬೇಕು. ಬಳೆ, ಸರ, ಓಲೆ ಬೇಡ. ಕೂದಲು ಕಟ್ಟಿರಬೇಕು.

ಎಲ್ಲಿಂದ ಬಂತು ಅನ್ನುವುದು ದೊಡ್ಡ ಕಥೆ. 1891ರಲ್ಲಿ ಅಮೆರಿಕದಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು. ಹೆಣ್ಣುಮಕ್ಕಳು ಜಾಸ್ತಿ ದಣಿಯಬಾರದು, ಒಬ್ಬರ ಮೇಲೊಬ್ಬರು ಬೀಳಬಾರದು ಅಂತ ಅಂಕಣವನ್ನು ಮೂರು ಭಾಗ ಮಾಡಿದರು. ಆಗಿನ ಬಟ್ಟೆ ನೆನೆಸಿಕೊಳ್ಳಿ. ಕಾಲು ಮುಚ್ಚುವ ಲಂಗ, ಸೊಂಟ ಬಿಗಿದ ಕಟ್ಟು, ಮಣಿಕಟ್ಟಿನವರೆಗೆ ತೋಳು. ಅಷ್ಟು ಘೇರಿನ ಲಂಗದಲ್ಲಿ ಚೆಂಡು ಪುಟಿಸುತ್ತ ಓಡಲು ಎಲ್ಲಿ ಆಗುತ್ತದೆ? ನೆಟ್‌ಬಾಲಿನಲ್ಲಿ ಇವತ್ತಿಗೂ ಡ್ರಿಬಲ್ ಇಲ್ಲ. ಚೆಂಡು ಹಿಡಿದು ಓಡುವ ಹಾಗಿಲ್ಲ. ಅಂಕಣಕ್ಕೆ ಮೂರೇ ಭಾಗ. ಲಂಗ ಹೋಗಿ ಎಷ್ಟೋ ಕಾಲವಾಯಿತು, ಆ ಲಂಗದ ಕಾಲದ ಗೆರೆಗಳು ಮಾತ್ರ ಅಂಕಣದ ಮೇಲೆ ಹಾಗೇ ಇವೆ.

1893ರಲ್ಲಿ ಈ ಆಟ ಲಂಡನ್ನಿಗೆ ಬಂತು. ಸ್ವೀಡನ್ನಿನಿಂದ ಬಂದಿದ್ದ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ ಅಲ್ಲಿ ಹೆಣ್ಣುಮಕ್ಕಳಿಗೆ ದೈಹಿಕ ಶಿಕ್ಷಣದ ಕಾಲೇಜು ನಡೆಸುತ್ತಿದ್ದರು. ನಿಮ್ಮಂಥ ಪಿ.ಇ. ಟೀಚರುಗಳನ್ನು ತಯಾರು ಮಾಡುವ ಕಾಲೇಜು. 1895ರಲ್ಲಿ ಅದು ಡಾರ್ಟ್‌ಫರ್ಡ್ ಅನ್ನುವ ಊರಿಗೆ ಹೋಯಿತು. ಗೋಲಿಗೆ ಬುಟ್ಟಿಯ ಜಾಗಕ್ಕೆ ಬಳೆ, ಅಂದರೆ ರಿಂಗ್ ಬಂತು, 1901ರಲ್ಲಿ ನಿಯಮ ಅಚ್ಚಾಯಿತು. ಆ ಕಾಲೇಜಿನಲ್ಲಿ ಮೇರಿ ಟೇಟ್ ಅನ್ನುವ ವಿದ್ಯಾರ್ಥಿನಿ ಇದ್ದಳು. ಜಿಮ್‌ಸ್ಲಿಪ್ ಅನ್ನುವ ಉಡುಪನ್ನು ಮೊದಲು ಮಾಡಿದವಳು ಅವಳೇ ಅನ್ನುತ್ತಾರೆ. ತೋಳಿಲ್ಲದ ಅಂಗಿ. ಎದೆಯ ಪಟ್ಟಿಯಿಂದ ಕೆಳಗೆ ಅಗಲ ಬಾಕ್ಸ್ ನೆರಿಗೆ. ಒಳಗೆ ಬ್ಲೌಸು, ಸೊಂಟಕ್ಕೆ ಸಡಿಲ ಪಟ್ಟಿ. ಮೊಳಕಾಲಿನ ಹತ್ತಿರ ನಿಲ್ಲುತ್ತದೆ. ಕಾಲಿಗೆ ಕಪ್ಪು ಉಣ್ಣೆಯ ಉದ್ದ ಕಾಲುಚೀಲ. ಉಸಿರು ಬಿಡಬಹುದು, ಕೈ ಎತ್ತಬಹುದು, ಓಡಬಹುದು. ಆಡುವ ಹುಡುಗಿಯೇ ಅಂಗಿ ಕಂಡುಹಿಡಿದಳು. ಓದಿದಾಗಿನಿಂದ ನನ್ನ ತಲೆಯಲ್ಲಿ ಉಳಿದಿರುವುದು ಇದೇ.

ಆ ಕಾಲೇಜಿನಲ್ಲಿ ಕಲಿತವರು ಶಾಲೆ ಶಾಲೆಗೆ ಟೀಚರಾಗಿ ಹೋದರು. ಜಿಮ್‌ಸ್ಲಿಪ್ಪೂ ಅವರ ಜೊತೆ ಹೋಯಿತು. ಆಮೇಲೆ ಅದೇ ಅಲ್ಲಿನ ಹೆಣ್ಣುಮಕ್ಕಳ ಶಾಲಾ ಸಮವಸ್ತ್ರ ಆಯಿತು. ನಮ್ಮ ಕಾನ್ವೆಂಟ್ ಮಕ್ಕಳು ಹಾಕುವ ಪಿನಾಫೋರ್ ಇದೆಯಲ್ಲ, ಅದೂ ಅದೇ ಮನೆತನದ್ದು.

ಹಳೆ ಆಟಗಾರ್ತಿ, ಬೀದರ್

ಓದಿ ಕಣ್ಣು ತುಂಬಿ ಬಂತು. ಆ ಸೆಂಟರ್ ಹುಡುಗಿಗೆ ಹೇಳಿ ಅಕ್ಕೋರೇ, ನಲವತ್ತು ವರ್ಷದ ಹಿಂದೆ ನಾನೂ ಅವಳೇ ಆಗಿದ್ದೆ ಅಂತ.

ನಾನು ಆಡುವಾಗ ಬೀದರಿನಲ್ಲಿ ನೆಟ್‌ಬಾಲ್ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಥ್ರೋಬಾಲ್, ಖೋಖೋ ಗೊತ್ತಿತ್ತು. ಹೈದರಾಬಾದಿನಲ್ಲಿ ತರಬೇತಿ ಪಡೆದು ಬಂದ ಒಬ್ಬ ಮೇಡಂ ನಮಗೆ ಇದನ್ನು ಕಲಿಸಿದರು. ಮೊದಲ ವರ್ಷ ಪರಕಾರದಲ್ಲೇ ಆಡಿದೆವು. ಪರಕಾರದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಬೀದರಿನ ಕೆಂಪು ಮಣ್ಣು, ಬರಿಗಾಲು. ಮನೆಗೆ ಹೋಗುವಷ್ಟರಲ್ಲಿ ಪರಕಾರದ ಅಂಚು ಗೇಣುದ್ದ ಕೆಂಪು. ಅವ್ವ ಕಲ್ಲಿಗೆ ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಎರಡನೇ ವರ್ಷ ಸಲ್ವಾರ್ ಬಂತು. ಆಗ ಅದೇ ದೊಡ್ಡ ಬಿಡುಗಡೆ ಅನಿಸಿತ್ತು.

ಬಿಬ್, ಅಂದರೆ ಅಂಗಿಯ ಮೇಲೆ ಹಾಕುವ ಆ ಅಕ್ಷರದ ಬಟ್ಟೆ, ಅದರ ಬಗ್ಗೆ ಹೇಳಬೇಕು. ಈಗಿನವರು ವೆಲ್ಕ್ರೋ ಅಂಟಿಸಿದ ಅಕ್ಷರ ಹಾಕುತ್ತಾರೆ, ಟಿವಿಯಲ್ಲಿ ನೋಡಿದ್ದೇನೆ. ಪರ್ ಅಂತ ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ಆಯಿತು. ನಮ್ಮದು ಬಿಳಿ ಜೋಳದ ಚೀಲದ ಬಟ್ಟೆ. ಎರಡು ಚೌಕ ತುಂಡು, ಭುಜಕ್ಕೊಂದು ಪಟ್ಟಿ, ಬಗಲ ಹತ್ತಿರ ಲಾಡಿ. ಅಕ್ಷರವನ್ನು ಇದ್ದಿಲು ಅರೆದು ಬೇವಿನ ಕಡ್ಡಿಯಿಂದ ಬರೆದಿದ್ದೆವು. ನಂದು ಜಿಡಿ, ಗೋಲ್ ಡಿಫೆನ್ಸ್. ಬೆವರಿಗೆ ಆ ಕಪ್ಪು ಇಳಿದು ಅಂಗಿಯ ಮೇಲೆ ಉಲ್ಟಾ ಜಿಡಿ ಮೂಡುತ್ತಿತ್ತು. ಆ ಅಂಗಿಯನ್ನು ಎಷ್ಟೋ ದಿನ ಇಟ್ಟುಕೊಂಡಿದ್ದೆ.

ನನ್ನ ಆಟ ನಿಂತದ್ದು ಬಟ್ಟೆಯಿಂದಲೇ. ಕಾಲೇಜಿಗೆ ಸೇರಿದ ಮೇಲೆ ಅಲ್ಲಿ ಟೀಮಿಗೆ ಬಿಳಿ ಗಿಡ್ಡ ಸ್ಕರ್ಟ್ ತಂದರು. ನಮ್ಮನ್ನು ಯಾರೂ ಕೇಳಲಿಲ್ಲ. ಉದ್ದ ಎಷ್ಟು ಬೇಕು, ಒಳಗೆ ಏನು ಹಾಕಿಕೊಳ್ಳುತ್ತೀರಿ, ಮನೆಯಲ್ಲಿ ಏನು ಹೇಳುತ್ತಾರೆ, ಒಂದು ಮಾತೂ ಇಲ್ಲ. ಕಾಕಾ ಅದನ್ನು ನೋಡಿ, "ನಾಳೆಯಿಂದ ಮೈದಾನದ ಕಡೆ ಹೋಗಬೇಡ" ಅಂದರು. ನಾಲ್ಕು ಜನ ಒಂದೇ ವಾರದಲ್ಲಿ ಬಿಟ್ಟೆವು. ಮೊಳಕಾಲಿನ ಕೆಳಗೆ ಇನ್ನು ನಾಲ್ಕು ಇಂಚು ಬಟ್ಟೆ ಇದ್ದಿದ್ದರೆ ನಾನು ಇನ್ನೂ ಮೂರು ವರ್ಷ ಆಡುತ್ತಿದ್ದೆ.

ಕತ್ತರಿ ಕೈ, ಶಹಾಪುರ

ನಾನು ಟೇಲರ್. ಇಪ್ಪತ್ತೆರಡು ವರ್ಷದಿಂದ ಶಾಲೆ ಬಟ್ಟೆ, ಕಬಡ್ಡಿ ಟೀಮಿನ ಬಟ್ಟೆ ಹೊಲಿಯುತ್ತಿದ್ದೇನೆ. ಅಕ್ಕೋರೇ, ಸ್ಕರ್ಟಾ ಪ್ಯಾಂಟಾ ಅನ್ನುವ ಮೊದಲು ಬಗಲು ನೋಡಿ. ನೆಟ್‌ಬಾಲ್ ಹುಡುಗಿಯ ಕೈ ದಿನಪೂರ್ತಿ ಮೇಲೇ ಇರುತ್ತದೆ. ಗೋಲಿನ ಬಳೆ ಹತ್ತು ಅಡಿ ಎತ್ತರ ತಾನೇ? ಶಾಲೆಯ ಕುರ್ತಾದ ಬಗಲು ಬಿಗಿ ಕಟ್ಟಿಂಗ್. ಕೈ ಎತ್ತಿದರೆ ಇಡೀ ಅಂಗಿ ಮೇಲೆ ಬರುತ್ತದೆ. ಹುಡುಗಿ ಚೆಂಡು ಬಿಟ್ಟು ಅಂಗಿ ಎಳೆದುಕೊಳ್ಳುತ್ತಾಳೆ. ಬಗಲಲ್ಲಿ ಎರಡೂವರೆ ಇಂಚಿನ ಚೌಕ ತುಂಡು ಸೇರಿಸಿ ಹೊಲಿದರೆ ಅಂಗಿ ಕೂತಲ್ಲೇ ಕೂರುತ್ತದೆ. ಅಳತೆ ತೆಗೆಯುವಾಗ ಕೈ ಕೆಳಗೆ ಬಿಟ್ಟು ತೆಗೆಯಬೇಡಿ, ಎರಡೂ ಕೈ ಮೇಲೆತ್ತಿಸಿ ತೆಗೆಯಿರಿ.

ಬಟ್ಟೆ ವಿಷಯ. ಟೆರಿಕಾಟ್ ಬೇಡ. ಅದು ಹಿಗ್ಗುವುದಿಲ್ಲ. ಮೇಲಂಗಿಗೆ ಡಾಟ್ ನಿಟ್ ಅನ್ನುವ ಸ್ಪೋರ್ಟ್ಸ್ ಟೀಶರ್ಟ್ ಬಟ್ಟೆ ತೆಗೆದುಕೊಳ್ಳಿ, 160 ಜಿಎಸ್ಎಂ (ಚದರ ಮೀಟರಿಗೆ 160 ಗ್ರಾಂ ತೂಕ) ಸಾಕು. ಅದಕ್ಕಿಂತ ತೆಳ್ಳಗಾದರೆ ಬೆವರು ಹತ್ತಿದಾಗ ಒಳಗಿನದು ಕಾಣುತ್ತದೆ. ಕೆಳಗೆ ಪ್ಯಾಂಟ್ ಆದರೆ ಟ್ರ್ಯಾಕ್ ಪ್ಯಾಂಟಿನ ಸೂಪರ್ ಪಾಲಿ ಬಟ್ಟೆ, ಸ್ಕರ್ಟ್ ಒಳಗಿನ ಚಡ್ಡಿಗೆ ಚೆನ್ನಾಗಿ ಹಿಗ್ಗುವ ಎನ್ಎಸ್ ಲೈಕ್ರಾ. ಹಿಗ್ಗುವ ಬಟ್ಟೆಯನ್ನು ಸಾದಾ ಮಷಿನ್ನಲ್ಲಿ ಹೊಲಿಸಬೇಡಿ. ಎಗರಿದಾಗ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಹೊಲಿಗೆ ಟಪ್ ಅಂತ ಬಿಡುತ್ತದೆ. ಬಟ್ಟೆಯ ಜೊತೆ ಹಿಗ್ಗುವ ಓವರ್‌ಲಾಕ್ ಹೊಲಿಗೆ ಹಾಕಿಸಿ.

ಸ್ಕರ್ಟ್ ಬೇಕು ಅನ್ನುವವರಿಗೆ, ಬೇಡ ಅನ್ನುವವರಿಗೆ, ನಡುವೆ ಒಂದು ದಾರಿ ಇದೆ. ಡಿವೈಡರ್. ನೋಡಲು ನೆರಿಗೆ ಸ್ಕರ್ಟ್, ಒಳಗೆ ಎರಡು ಕಾಲು. ಮೊಳಕಾಲಿನ ಕೆಳಗೆ ಇಳಿಸಿ ಹೊಲಿಯಬಹುದು. ಬೀದರಿನ ಅಕ್ಕಾವರ ನಾಲ್ಕು ಇಂಚು ಓದಿ ಕರುಳು ಚುರುಕ್ ಅಂದಿತು. ಹನ್ನೆರಡು ಮಕ್ಕಳ ಬಟ್ಟೆಗೆ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ. ಬಟ್ಟೆ ತಂದುಕೊಡಿ.

ಊರು ಬಿಟ್ಟವನು, ಮೆಲ್ಬರ್ನ್

ನಾನು ಹುಟ್ಟಿ ಬೆಳೆದದ್ದು ಕಲಬುರಗಿ, ಶರಣಬಸವೇಶ್ವರ ಗುಡಿ ಹತ್ತಿರ. ಈಗ ಹದಿನಾಲ್ಕು ವರ್ಷದಿಂದ ಮೆಲ್ಬರ್ನಿನಲ್ಲಿದ್ದೇನೆ. ಮಗಳು ಶನಿವಾರ ಶನಿವಾರ ನೆಟ್‌ಬಾಲ್ ಆಡುತ್ತಾಳೆ. ಆಟಕ್ಕೆ ಮೊದಲು ಅಂಪೈರ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೆರಳು ನೋಡುತ್ತಾರೆ, ಉಗುರು ಉದ್ದ ಇದೆಯಾ ಅಂತ.

ಇಲ್ಲಿ ಈ ಆಟಕ್ಕೆ 1970ರವರೆಗೂ ಹೆಂಗಸರ ಬ್ಯಾಸ್ಕೆಟ್‌ಬಾಲ್ ಅಂತಲೇ ಹೆಸರಿತ್ತು. 1960ರಲ್ಲಿ ಕೊಲಂಬೊದಲ್ಲಿ ಕೆಲವು ದೇಶದವರು ಕೂತು ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದರು. ನಮ್ಮ ಪಕ್ಕದ ಶ್ರೀಲಂಕಾದಲ್ಲೇ. 1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನಿನಲ್ಲಿ ಮೊದಲ ವಿಶ್ವ ಟೂರ್ನಿ, ಆಸ್ಟ್ರೇಲಿಯಾ ಗೆದ್ದಿತು. ಮಗಳ ಕ್ಲಬ್ಬಿನ ಗೋಡೆ ಮೇಲೆ ಹಳೆಯ ಫೋಟೊಗಳಿವೆ. ಮೊದಲಿನವು ಯಾದಗಿರಿಯವರು ಹೇಳಿದ ನೆರಿಗೆ ಅಂಗಿಯವು. ಆಮೇಲಿನವು ಕಾಲರ್ ಟೀಶರ್ಟ್, ಗಿಡ್ಡ ನೆರಿಗೆ ಸ್ಕರ್ಟ್. 1990ರ ದಶಕದ ಫೋಟೊ ಬರುವ ಹೊತ್ತಿಗೆ ಎಲ್ಲವೂ ಮೈಗೆ ಅಂಟಿದ ಒಂದೇ ತುಂಡಿನ ಲೈಕ್ರಾ ಡ್ರೆಸ್. ಲೈಕ್ರಾ ನೂಲು 1958ರಲ್ಲೇ ಅಮೆರಿಕದಲ್ಲಿ ತಯಾರಾಗಿತ್ತು. ಟಿವಿಯಲ್ಲಿ ಆಟ ತೋರಿಸಲು ಶುರುವಾದ ಮೇಲೆ ಈ ಡ್ರೆಸ್ಸೇ ನೆಟ್‌ಬಾಲಿನ ಗುರುತು ಆಯಿತು. ಓಡಲು ಹಗುರ ಅನ್ನುವುದು ನಿಜ. ಆದರೆ ಪಕ್ಕದ ಅಂಕಣದಲ್ಲಿ ಇದೇ ಆಟ ಆಡುವ ಗಂಡಸರು ಸಡಿಲ ಚಡ್ಡಿ ಹಾಕುತ್ತಾರೆ. ಅವರ ಓಟಕ್ಕೆ ಅದು ಅಡ್ಡಿ ಆಗುವುದಿಲ್ಲ.

ಹನ್ನೆರಡು, ಹದಿಮೂರು ವರ್ಷಕ್ಕೆ ಇಲ್ಲಿಯೂ ಹುಡುಗಿಯರು ಆಟ ಬಿಡುತ್ತಾರೆ. ನನ್ನ ಮಗಳ ಗೆಳತಿ ಬಿಟ್ಟಳು. ಅವಳ ಅಮ್ಮ ಹೇಳಿದ್ದು, ಆ ಬಿಗಿ ಡ್ರೆಸ್ ಹಾಕಿಕೊಂಡು ಎಲ್ಲರ ಮುಂದೆ ನಿಲ್ಲಲು ಸಂಕೋಚ ಅಂತ. ಕಲಬುರಗಿಯ ಹುಡುಗಿಗೂ ಮೆಲ್ಬರ್ನಿನ ಹುಡುಗಿಗೂ ಅದೇ ಸಂಕೋಚ. ಈಗ ಬದಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಸ್ಕರ್ಟ್, ಚಡ್ಡಿ, ಲೆಗ್ಗಿಂಗ್ಸ್, ಉದ್ದ ತೋಳು, ಬೇಕಾದದ್ದು ಆರಿಸಿಕೊಳ್ಳಲು ಬಿಡುತ್ತಿದ್ದಾರೆ. ಬಣ್ಣ ಒಂದೇ ಇದ್ದರೆ ಆಯಿತು. ಮಗಳ ಟೀಮಿನಲ್ಲಿ ಮೂರು ಥರ ಹಾಕಿದವರು ಇದ್ದಾರೆ. ನೋಡಿದವರಿಗೆ ಒಂದೇ ಟೀಮ್ ಅಂತ ಗೊತ್ತಾಗುತ್ತದೆ.

ಇನ್ನೊಂದು ಹೇಳಲೇಬೇಕು. ಅಂಗಿಯ ಅಳತೆ ಅಷ್ಟೇ ಅಲ್ಲ, ಅಂಗಿಯ ಮೇಲೆ ಯಾರ ಹೆಸರು ಅನ್ನುವುದೂ ಪ್ರಶ್ನೆಯೇ. 2022ರಲ್ಲಿ ಹ್ಯಾಂಕಾಕ್ ಪ್ರಾಸ್ಪೆಕ್ಟಿಂಗ್ ಅನ್ನುವ ಗಣಿ ಕಂಪನಿ ಆಸ್ಟ್ರೇಲಿಯಾ ಟೀಮಿಗೆ 1.5 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಡ್ರೆಸ್ ಮೇಲೆ ಅವರ ಹೆಸರು ಇರಬೇಕಿತ್ತು. ಆ ಕಂಪನಿ ಕಟ್ಟಿದ ಲ್ಯಾಂಗ್ ಹ್ಯಾಂಕಾಕ್ 1984ರಲ್ಲಿ ಇಲ್ಲಿನ ಮೂಲನಿವಾಸಿಗಳ ಬಗ್ಗೆ ಬಹಳ ಕ್ರೂರ ಮಾತು ಆಡಿದ್ದರು. ಟೀಮಿಗೆ ಹೊಸದಾಗಿ ಆಯ್ಕೆಯಾದ ಡೊನೆಲ್ ವಾಲಮ್ ಮೂಲನಿವಾಸಿ ಹುಡುಗಿ. ಆ ಹೆಸರು ಹೊತ್ತು ಆಡಲು ಅವಳಿಗೆ ಕಷ್ಟವಾಯಿತು, ಬಾಯಿ ಬಿಟ್ಟು ಹೇಳಿದಳು. ಜೊತೆಯವರು ಅವಳ ಪಕ್ಕ ನಿಂತರು. ಕಂಪನಿ ಹಣ ಹಿಂದೆ ತೆಗೆದುಕೊಂಡಿತು. ಅದಾಗಿ ಕೆಲವೇ ದಿನಕ್ಕೆ ಇಂಗ್ಲೆಂಡ್ ವಿರುದ್ಧ ಅವಳ ಮೊದಲ ಮ್ಯಾಚ್. ಕೊನೆ ಗಳಿಗೆಯಲ್ಲಿ ಗೆಲುವಿನ ಗೋಲು ಹಾಕಿದವಳು ಅವಳೇ. ನಾವು ಮನೆಯಲ್ಲಿ ಸೋಫಾ ಬಿಟ್ಟು ಎದ್ದು ನಿಂತಿದ್ದೆವು.

ಒಬ್ಬ ತಂದೆ, ಸುರಪುರ

ನನ್ನ ಮಗಳೂ ಎಂಟನೇ ಕ್ಲಾಸು, ಓಟದಲ್ಲಿ ಚುರುಕು. ನಾನು ಒಂದು ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಹೊರದೇಶದ ಕಥೆ ಬೇರೆ. ಇಲ್ಲಿ ಮೈದಾನದ ಸುತ್ತ ಬೈಕ್ ನಿಲ್ಲಿಸಿಕೊಂಡು ಹುಡುಗರು ನಿಂತಿರುತ್ತಾರೆ, ಫೋನ್ ಎತ್ತಿ ವಿಡಿಯೊ ಮಾಡುತ್ತಾರೆ. ನಾಳೆ ಅದು ಯಾರ ಫೋನಿನಲ್ಲಿ ಇರುತ್ತದೋ. ನನಗೆ ಮಗಳ ಮೇಲೆ ಅನುಮಾನ ಇಲ್ಲ. ನೋಡುವವರ ಮೇಲೆ ಇದೆ. ಅದಕ್ಕೇ ಮೈ ಮುಚ್ಚುವ ಬಟ್ಟೆ ಇರಲಿ ಅನ್ನುತ್ತೇನೆ.

ಹಳೆ ಆಟಗಾರ್ತಿ, ಬೀದರ್

ಅಣ್ಣಾ, ನಿಮ್ಮ ಭಯ ನಿಜವಾದ ಭಯ. ನಮ್ಮ ಕಾಕಾನದೂ ಅದೇ ಇತ್ತು. ಆದರೆ ಫೋನ್ ಹಿಡಿದ ಹುಡುಗನನ್ನು ಮೈದಾನದಿಂದ ಹೊರಗೆ ಕಳಿಸುವ ಕೆಲಸ ನಮ್ಮದು, ದೊಡ್ಡವರದು. ಅದನ್ನು ಹುಡುಗಿಯ ಬಟ್ಟೆಗೆ ವಹಿಸಬೇಡಿ. ಪರಕಾರ ಹಾಕಿ ಆಡಿದಾಗಲೂ ನಮ್ಮನ್ನು ನೋಡಲು ನಿಲ್ಲುವವರು ನಿಂತೇ ಇರುತ್ತಿದ್ದರು. ನೀವು ಒಂದು ದಿನ ಬೆಳಿಗ್ಗೆ ಹೋಗಿ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂಡಿ. ಇಬ್ಬರು ಅಪ್ಪಂದಿರು ಕೂತರೆ ಸಾಕು, ಬೈಕುಗಳು ಅಲ್ಲಿ ನಿಲ್ಲುವುದಿಲ್ಲ.

ಸೆಕೆಂಡ್ ಪಿಯು, ಬಸವಕಲ್ಯಾಣ

ನಾನು ಹ್ಯಾಂಡ್‌ಬಾಲ್ ಆಡುತ್ತೇನೆ. ತಲೆಗೆ ಸ್ಕಾರ್ಫ್ ಕಟ್ಟುತ್ತೇನೆ. ಎರಡು ವಿಷಯ ಹೇಳಬೇಕು.

ಮೊದಲನೆಯದು, ಸ್ಕಾರ್ಫ್ ಕಟ್ಟುವ ಹುಡುಗಿ ಆಡಬಾರದು ಅಂತ ಒಮ್ಮೆ ದೊಡ್ಡ ದೊಡ್ಡ ಆಟದಲ್ಲೇ ಇತ್ತು. 2011ರಲ್ಲಿ ಇರಾನಿನ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮಿಗೆ ಇದೇ ಕಾರಣಕ್ಕೆ ಒಲಿಂಪಿಕ್ಸ್ ಅರ್ಹತಾ ಮ್ಯಾಚ್ ಆಡಲು ಬಿಡಲಿಲ್ಲ. ಆಮೇಲೆ 2014ರಲ್ಲಿ ಫುಟ್‌ಬಾಲಿನ ವಿಶ್ವ ಸಂಸ್ಥೆ ಫಿಫಾ ಒಪ್ಪಿತು, 2017ರಲ್ಲಿ ಬ್ಯಾಸ್ಕೆಟ್‌ಬಾಲಿನವರು ಒಪ್ಪಿದರು. ಪಿನ್ ಇರಬಾರದು, ಬಿಗಿಯಾಗಿ ಕೂತಿರಬೇಕು, ಅಷ್ಟೇ. ನನ್ನದು ಅಮ್ಮ ಹೊಲಿದ ಸ್ಕಾರ್ಫ್. ಟೀಶರ್ಟ್ ಬಟ್ಟೆಯದ್ದು, ಗಂಟಲ ಕೆಳಗೆ ಇಲಾಸ್ಟಿಕ್. ಒಂದು ಪಿನ್ನೂ ಇಲ್ಲ. ಬಿದ್ದೆದ್ದರೂ ಜಾರುವುದಿಲ್ಲ.

ಎರಡನೆಯದು ಯಾರೂ ಹೇಳಿಲ್ಲ. ಬಣ್ಣ. ದಯವಿಟ್ಟು ಕೆಳಗಿನದು ಬಿಳಿ ತರಬೇಡಿ. ತಿಂಗಳ ಆ ದಿನಗಳಲ್ಲಿ ಬಿಳಿ ಹಾಕಿಕೊಂಡರೆ ತಲೆಯಲ್ಲಿ ಅದೊಂದೇ ಇರುತ್ತದೆ. ಎಗರುವುದಿಲ್ಲ, ಕಾಲು ಚಾಚುವುದಿಲ್ಲ, ಹಿಂದೆ ತಿರುಗಿ ತಿರುಗಿ ನೋಡಿಕೊಳ್ಳುತ್ತೇವೆ. 2023ರಲ್ಲಿ ಇಂಗ್ಲೆಂಡ್ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮ್ ಬಿಳಿ ಚಡ್ಡಿ ಬಿಟ್ಟು ನೀಲಿ ಹಾಕಲು ಶುರು ಮಾಡಿದ್ದು ಇದಕ್ಕೇ. ಅದೇ ವರ್ಷ ವಿಂಬಲ್ಡನ್ನಿನಲ್ಲೂ ಬಿಳಿ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಲು ಬಿಟ್ಟರು. ನಮ್ಮ ಟೀಮಿಗೆ ಸರ್ ಬಿಳಿ ಪ್ಯಾಂಟ್ ತಂದಾಗ ಇದನ್ನು ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ನಿಮ್ಮ ಮಕ್ಕಳು ಸಹ ನಿಮಗೆ ಹೇಳಲಿಕ್ಕಿಲ್ಲ. ನೀವೇ ಕೇಳಿ ಮೇಡಂ.

ಹಳೆ ಪುಟ, ಯಾದಗಿರಿ

ತಂಗಿ, ನೀನು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ಓದಿಯೂ ಹೊಳೆದಿರಲಿಲ್ಲ.

ನಿನ್ನದೇ ಹ್ಯಾಂಡ್‌ಬಾಲಿನ ಒಂದು ಘಟನೆ ಇದಕ್ಕೆ ಸೇರಿಸುತ್ತೇನೆ. 2021ರಲ್ಲಿ ನಾರ್ವೆಯ ಹೆಣ್ಣುಮಕ್ಕಳ ಬೀಚ್ ಹ್ಯಾಂಡ್‌ಬಾಲ್ ಟೀಮ್ ಬಿಕಿನಿಯ ಬದಲು ಚಡ್ಡಿ ಹಾಕಿ ಆಡಿತು. 1500 ಯೂರೊ ದಂಡ ಹಾಕಿದರು. ಗಂಡಸರ ಟೀಮಿಗೆ ಚಡ್ಡಿ, ಹೆಂಗಸರಿಗೆ ಬಿಕಿನಿ ಅಂತ ನಿಯಮವೇ ಇತ್ತು. ಸುದ್ದಿ ಎಲ್ಲ ಕಡೆ ಹಬ್ಬಿತು, ವರ್ಷ ಮುಗಿಯುವಷ್ಟರಲ್ಲಿ ಆ ನಿಯಮ ಹೋಯಿತು. ಅದಕ್ಕೂ ಹಿಂದೆ 2011ರಲ್ಲಿ ಬ್ಯಾಡ್ಮಿಂಟನ್ ಫೆಡರೇಷನ್ ಹೆಣ್ಣುಮಕ್ಕಳಿಗೆ ಸ್ಕರ್ಟ್ ಕಡ್ಡಾಯ ಮಾಡಲು ಹೊರಟಿತ್ತು. ಆಟ ನೋಡುವವರು ಜಾಸ್ತಿ ಆಗಲಿ ಅಂತ. ಆಟಗಾರ್ತಿಯರೇ ಬೇಡ ಅಂದರು, ಮರುವರ್ಷ ಕೈಬಿಟ್ಟರು.

ಸುರಪುರದ ಅಣ್ಣನವರೇ, ಒಂದು ಕಡೆ ಇಷ್ಟು ಕಡಿಮೆ ಹಾಕಿ ಅಂತ ಹೇಳುವವರು, ಇನ್ನೊಂದು ಕಡೆ ಇಷ್ಟು ಮುಚ್ಚಿ ಅಂತ ಹೇಳುವವರು. ಎರಡೂ ಕಡೆ ಹೇಳುವವರು ಆಡುವವರಲ್ಲ. ನಿಮ್ಮ ಮಗಳನ್ನೇ ಒಮ್ಮೆ ಕೇಳಿ ನೋಡಿ. ನೀವು ಅಂದುಕೊಂಡದ್ದನ್ನೇ ಅವಳು ಕೇಳಬಹುದು. ಆಗ ಅದು ಅವಳ ಅಂಗಿ.

ಒಬ್ಬ ತಂದೆ, ಸುರಪುರ

ಕೇಳಿದೆ. ತೋಳು ಅರ್ಧ ಸಾಕು, ಪೂರ್ತಿ ಬೇಡ, ಸೆಕೆ ಆಗುತ್ತದೆ ಅಂದಳು. ಪ್ಯಾಂಟ್ ಬೇಕಂತೆ, ಆದರೆ ಜೇಬು ಇರಬೇಕಂತೆ. ಓಢಣಿ ಬೇಡವಂತೆ. ಇಷ್ಟು ವರ್ಷ ಅವಳಿಗೆ ಓಢಣಿ ಕಷ್ಟ ಕೊಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನು ಮೇಲೆ ಬೆಳಿಗ್ಗೆ ನಾನೇ ಅವಳ ಜೊತೆ ಮೈದಾನಕ್ಕೆ ಹೋಗುತ್ತೇನೆ. ಬೀದರಿನ ಅಕ್ಕಾವರಿಗೆ ನಮಸ್ಕಾರ.

ಕತ್ತರಿ ಕೈ, ಶಹಾಪುರ

ಜೇಬು ಇಡಬಹುದು ಸರ್, ಆದರೆ ಪಕ್ಕಕ್ಕೆ ಬೇಡ, ಓಡುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಹಿಂದೆ ಸೊಂಟಪಟ್ಟಿಯ ಒಳಗೆ ಚಿಕ್ಕದು ಇಡುತ್ತೇನೆ. ಬಸ್ಸಿನ ದುಡ್ಡು ಹಿಡಿಯುವಷ್ಟು.

ಪಿ.ಇ. ಅಕ್ಕೋರು, ಕಲಬುರಗಿ

ಹತ್ತು ದಿನ ಬರೆಯಲಿಲ್ಲ, ಕ್ಷಮಿಸಿ. ನಿಮ್ಮ ಮಾತು ಓದಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕೇಳಿದೆ. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. "ನೀವು ಹೇಳಿದ್ದೇ ಅಕ್ಕೋರೇ" ಅಂದರು. ಮರುದಿನ ಎಲ್ಲರಿಗೂ ಚೀಟಿ ಕೊಟ್ಟೆ, ಹೆಸರು ಬರೆಯಬೇಡಿ ಅಂದೆ. ಕಂಪಾಸ್ ಡಬ್ಬಿಯಲ್ಲಿ ಹಾಕಿಸಿದೆ. ಹನ್ನೆರಡರಲ್ಲಿ ಒಂಬತ್ತು ಚೀಟಿಯಲ್ಲಿ ಒಂದೇ ಮಾತು ಇತ್ತು: ಬಿಳಿ ಬೇಡ. ಬಸವಕಲ್ಯಾಣದ ತಂಗಿ, ನೀನು ಹೇಳದಿದ್ದರೆ ನಾನು ಬಿಳಿಯೇ ತರುತ್ತಿದ್ದೆ. ದಾನಿಯವರು ಬಿಳಿಯೇ ಅಂದಿದ್ದರು.

ಒಂದು ಚೀಟಿಯಲ್ಲಿ ಹೀಗಿತ್ತು: "ಒಳಗೆ ಹಾಕುವುದು ಕೂಡ ಕೊಡಿಸುತ್ತೀರಾ? ನನ್ನ ಹತ್ತಿರ ಓಡಲು ಆಗುವಂಥದ್ದು ಇಲ್ಲ." ಆ ಚೀಟಿಯನ್ನು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಯಾರು ಬರೆದರು ಅಂತ ಹುಡುಕಲಿಲ್ಲ. ದಾನಿಯವರ ಹೆಂಡತಿಗೆ ಫೋನ್ ಮಾಡಿ ಹೇಳಿದೆ, ಹನ್ನೆರಡು ಮಕ್ಕಳಿಗೂ ಸ್ಪೋರ್ಟ್ಸ್ ಬ್ರಾ ಅವರೇ ತಂದರು. ಅಳತೆಗೆ ಅವರೇ ಬಂದು ಕೂತರು.

ತೀರ್ಮಾನ ಹೀಗಾಯಿತು. ಬಣ್ಣ ಕಡು ನೀಲಿ, ಪಕ್ಕದಲ್ಲಿ ಹಳದಿ ಪಟ್ಟಿ. ಮೇಲಂಗಿ ಅರ್ಧ ತೋಳು, ಬಗಲಲ್ಲಿ ಟೇಲರ್ ಅಣ್ಣ ಹೇಳಿದ ಚೌಕ ತುಂಡು, ಸೊಂಟದ ಕೆಳಗೆ ಆರು ಇಂಚು ಉದ್ದ. ಏಳು ಜನ ಪ್ಯಾಂಟ್ ಕೇಳಿದರು, ಐದು ಜನ ಡಿವೈಡರ್. ಇಬ್ಬರು ಸ್ಕಾರ್ಫ್ ಕಟ್ಟುತ್ತಾರೆ, ಅವರಿಗೆ ಅದೇ ನೀಲಿ ಬಟ್ಟೆಯಲ್ಲಿ ಇಲಾಸ್ಟಿಕ್ ಹಾಕಿದ್ದು. ಓಢಣಿ ಯಾರೂ ಕೇಳಲಿಲ್ಲ. ಒಬ್ಬಳ ಅಜ್ಜಿ ಮಾತ್ರ ಶಾಲೆಗೆ ಬಂದು ಬೇಸರ ಮಾಡಿಕೊಂಡರು. ಅಂಗಿಯನ್ನು ಕೈಯಲ್ಲಿ ಕೊಟ್ಟೆ. ಬಟ್ಟೆ ಹಿಂಡಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. "ದಪ್ಪ ಇದೆ, ಇರಲಿ" ಅಂದು ಹೋದರು.

ಮೊನ್ನೆ ಮೊದಲ ಒಂದು ಜೊತೆ ಹೊಲಿದು ಬಂತು. ಸೆಂಟರ್ ಹುಡುಗಿಗೆ ಹಾಕಿಸಿದೆ. ಕನ್ನಡಿ ಮುಂದೆ ನಿಲ್ಲಲಿಲ್ಲ ಅವಳು. ಸೀದಾ ಗೋಲಿನ ಕಂಬದ ಕೆಳಗೆ ಹೋಗಿ ಎರಡೂ ಕೈ ಮೇಲೆತ್ತಿ ಎಗರಿದಳು. ಮೂರು ಸಲ. ಕೆಳಗೆ ಬಂದು ಅಂಗಿ ಎಳೆದುಕೊಳ್ಳಲು ಕೈ ಸೊಂಟಕ್ಕೆ ಹೋಯಿತು. ಅಂಗಿ ಇದ್ದಲ್ಲೇ ಇತ್ತು. ಕೈ ಹಾಗೇ ನಿಂತಿತು. ನನ್ನ ಕಡೆ ತಿರುಗಿ ನೋಡಿ ನಕ್ಕಳು.

ಟೇಲರ್ ಅಣ್ಣಾ, ಉಳಿದ ಬಟ್ಟೆ ಶನಿವಾರದ ಬಸ್ಸಿಗೆ ಕಳಿಸುತ್ತೇನೆ. ಬಿಬ್ಬಿಗೆ ವೆಲ್ಕ್ರೋ ಹದಿನಾಲ್ಕು ಜೊತೆ ಬೇಕಾಗುತ್ತದೆ. ಏಳು ಅಕ್ಷರ, ಎದೆಗೊಂದು, ಬೆನ್ನಿಗೊಂದು. ಬೀದರಿನ ಅಕ್ಕಾವರೇ, ಜಿಡಿ ಬಿಬ್ ಎರಡು ಜಾಸ್ತಿ ಹೊಲಿಸುತ್ತಿದ್ದೇನೆ. ನಿಮ್ಮ ವಿಳಾಸ ಖಾಸಗಿಯಾಗಿ ಕಳಿಸಿ.